ಮುಳ್ಳು ಸುಳ್ಳು ಹೇಳಂಗಿಲ್ರಿ, ನಾವು ಹೇಳಸ್ತೇವಿ

ಹೋದ ರವಿವಾರ ಮುಂಜಾನೆ ನಾ ಚಹಾದ ಕಪ್ಪು ಹಿಡ್ಕೊಂಡು ಕಟ್ಟಿ ಮ್ಯಾಲೆ ಕೂತಿದ್ದೆ. ಬಾಜೂ ಮನಿ ಕಾಕಾ ತಮ್ಮ ಹಳೇ ಕಾರಿನ ಕೀಲಿಕೈ ಮಗಳ ಕೈಯಾಗ ಕೊಡ್ಲಿಕ್ಕೆ ಹತ್ತಿದ್ದರು. ಮಗಳಿಗೆ ಬೆಳಗಾವ್ಯಾಗ ನೌಕರಿ ಸಿಕ್ಕದ, ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬಂದು ಹೋಗಬೇಕು, ರಾತ್ರಿ ಬಸ್ಸಿನ ತ್ರಾಸ ಬ್ಯಾಡ ಅಂತ ಕಾಕಾ ತಮ್ಮ 22 ವರ್ಷದ ಗಾಡಿನ ಆಕಿಗೆ ಕೊಟ್ಟುಬಿಟ್ಟರು. ಭಾಳ ಛಲೋ ಆತು. ಆದ್ರ ಕೀಲಿಕೈ ಜೊತಿಗೆ ಒಂದು ಉಪದೇಶಾನೂ ಕೊಟ್ಟರು ನೋಡ್ರಿ, ಅದನ್ನ ಕೇಳಿ ನನ್ನ ಚಹಾ ಕಪ್ಪಿನಾಗ ಆರಿ ಹೋತು.

"ನೋಡವಾ, ಪೆಟ್ರೋಲ್ ಮುಳ್ಳು ಕೆಂಪಿನಾಗ ಬಂದ್ರೂ ಹೆದರಬ್ಯಾಡ, ಇನ್ನೂ ಆರೇಳು ಲೀಟರ್ ಇರ್ತದ. ಟಾಕಿ ಫುಲ್ ಮಾಡಿಸಿದ್ರೂ ಅದು ಮುಕ್ಕಾಲಿನ ಮ್ಯಾಲೆ ಏರಂಗಿಲ್ಲಾ. ರಾತ್ರಿ ಲೈಟ್ ಹಾಕಿದ್ರ ಇನ್ನೊಂದೀಟು ಇಳೀತದ, ಅದೂ ಮಾಮೂಲಿ. ಟೆಂಪರೇಚರ್ ಮುಳ್ಳು ಸತ್ತು ಹೋಗ್ಯದ, ಯಾವಾಗಲೂ 'ಸಿ' ಮ್ಯಾಲೆನ ಮಲಗಿರ್ತದ, ಅದರ ಕಡೆ ನೋಡೇ ಬ್ಯಾಡ. ಟಾಯರ್ ಸ್ವಲ್ಪ ದೊಡ್ಡೂ ಹಾಕಿಸೇನಿ, ಅದಕ್ಕ ಮೀಟರ್ 60 ಅಂದ್ರ 65 ಅಂತ ತಿಳಿ. ಇನ್ನ ಆ ಎಣ್ಣಿ ದೀಪ, ತಿರುವಿನಾಗ ಒಮ್ಮೊಮ್ಮೆ ಮಿಣಕ್ ಅಂತದ. ಅದಕ್ಕದೊಂದು ಚಟ."

ಮಗಳು ಶಾಣ್ಯಾಕಿ. ಮೊಬೈಲ್ ತಗದು ಇಷ್ಟನ್ನೂ ಒಂದು, ಎರಡು, ಮೂರು ಅಂತ ನಂಬರ್ ಹಾಕಿ ಬರ್ಕೊಂಡಳು.

ನನಗ ಸಿಟ್ಟು ಬಂದಿದ್ದು ಅಲ್ಲೇ. ಒಂದು ಗಾಡ್ಯಾಗ ಐದು ಮಾತು ಹೇಳೋ ಮೀಟರ್ ಇದ್ದು, ಐದೂ ಸುಳ್ಳು ಅಂತ ಒಪ್ಕೊಂಡು, ಆ ಸುಳ್ಳಿನ ಪಟ್ಟಿನ ಮಗಳಿಗೆ ಬಳುವಳಿ ಕೊಟ್ಟ ಹಂಗ ಕೊಡ್ತೀರೆಲ್ಲಾ, ಇದಕ್ಕ ಏನನ್ನಬೇಕು? ನಾ ಎದ್ದು ಹೊಂಟಿದ್ದು ನೋಡಿ ಒಳಗಿಂದ ನನ್ನ ಹೆಂಡತಿ, "ರೀ, ಮಂದಿ ಗಾಡಿ ಉಸಾಬರಿ ನಿಮಗ್ಯಾಕ, ಮೊದಲ ನಿಮ್ಮ ಮನ್ಯಾಗಿನ ನಳ ಸೋರೂದು ರಿಪೇರಿ ಮಾಡ್ರಿ" ಅಂದಳು. ಆಕಿ ಅಂದದ್ದು ಖರೇನ. ಆದ್ರ ಈ ವಿಷಯದಾಗ ನಾ ಸುಮ್ಮನಿರಂಗಿಲ್ಲಾ. ಯಾಕಂದ್ರ ಅದಕ್ಕೊಂದು ಹಿಂದಿನ ಕತಿ ಅದ.

2009ರ ಜುಲೈ. ನಮ್ಮಪ್ಪನ ಹತ್ರ ಆವಾಗ ಒಂದು ಸಣ್ಣ ಕಾರಿತ್ತು. ಮೂರು ಸಿಲಿಂಡರಿನ ಗಾಡಿ, ಓಣಿಗೆ ನಾಕು ಇರ್ತಿದ್ದವು, ಹೆಸರು ಹೇಳೋದ ಬ್ಯಾಡ. ಗಾಡೀದೇನೂ ತಪ್ಪಿರಲಿಲ್ಲಾ. ಅದಕ್ಕಿಂತ ಎರಡು ವರ್ಷ ಹಿಂದ ಒಂದು ಗ್ಯಾರೇಜಿನವ ಅಪ್ಪಗ "ಸಾಹೇಬ್ರ, ಈ ಥರ್ಮೋಸ್ಟಾಟ್ ಅನ್ನೂದು ಥಂಡಿ ದೇಶದವರಿಗೆ. ನಮ್ಮ ಬಿಸಿಲಾಗ ಏನೂ ಬೇಕಾಗಿಲ್ರಿ" ಅಂತ ಹೇಳಿ ಅದನ್ನ ಕಿತ್ತು ಒಗದಿದ್ದ. ಆವತ್ತಿನಿಂದ ನಮ್ಮ ಟೆಂಪರೇಚರ್ ಮುಳ್ಳು 'ಸಿ' ಬಿಟ್ಟು ಮ್ಯಾಲೆ ಏಳಲಿಲ್ಲಾ. ಅಪ್ಪಗ ಖುಷಿನೋ ಖುಷಿ. "ನೋಡೋ, ಇಂಜಿನ್ ಎಷ್ಟು ತಂಪದ" ಅಂತಿದ್ದ.

ಆ ಜುಲೈದಾಗ ಒಂದು ಮುಂಜಾನೆ ಐದಕ್ಕ ಅಂಕೋಲಾದಿಂದ ಫೋನ್ ಬಂತು. ಅಪ್ಪನ ಅಕ್ಕ, ನಮ್ಮ ಅಂಕೋಲಾ ಅತ್ಯಾ, ಹೋಗಿಬಿಟ್ಟಿದ್ದಳು. ಅವ್ವ ಸಣ್ಣಾಕಿ ಇದ್ದಾಗ ತೀರ್ಕೊಂಡಳಂತ ಅಪ್ಪನ್ನ ಎತ್ತಿ ಬೆಳೆಸಿದಾಕಿ ಆಕಿನ. ನಾ ಗಾಡಿ ತಗದೆ. ಕಲಘಟಗಿ ದಾಟಿದ್ವಿ, ಮಳಿ ಹತ್ತಿತ್ತು. ಅಪ್ಪ ಬಾಜೂಕ ಕಣ್ಣು ಮುಚ್ಚಿ ಕೂತಿದ್ದ. ದಾರ್ಯಾಗ ಒಮ್ಮೆ ನೋಡಿದೆ, ಟೆಂಪರೇಚರ್ ಮುಳ್ಳು ಅರ್ಧಕ್ಕ ಬಂದು ನಿಂತಿತ್ತು. ಯಾರ ಗಾಡಿಯಾಗರೇ ಅರ್ಧ ಅಂದ್ರ ಸರಿ ಇದ್ದಂಗ, ಹೌದಿಲ್ಲೋ? ನಾನೂ ಹಂಗ ಅನ್ಕೊಂಡೆ. ನಮ್ಮ ಗಾಡಿಗೆ ಅರ್ಧ ಅಂದ್ರ ಗಂಡಾಂತರ ಅನ್ನೂದು ಅಪ್ಪನ ತಲ್ಯಾಗಿತ್ತು, ನನ್ನ ತಲ್ಯಾಗ ಇರಲಿಲ್ಲಾ. ಅಪ್ಪ ಕಣ್ಣು ಮುಚ್ಚಿದ್ದ.

ಹತ್ತು ನಿಮಿಷಕ್ಕ ಮತ್ತ ನೋಡಿದೆ. ಮುಳ್ಳು ವಾಪಸ್ 'ಸಿ'ಗೆ ಇಳದಿತ್ತು. ನಾ ನಿರಾಳ ಆದೆ. ಖರೇ ಹೇಳ್ತೇನ್ರಿ, ಆ ನಿರಾಳ ನೆನಸ್ಕೊಂಡ್ರ ಇವತ್ತಿಗೂ ಹೊಟ್ಯಾಗ ಒಂದು ನಮೂನಿ ಆಗ್ತದ. ಆಗಿದ್ದೇನಂದ್ರ, ರೇಡಿಯೇಟರಿನ ಒಂದು ಪೈಪು ಸೋರಿ ನೀರೆಲ್ಲಾ ಹೋಗಿತ್ತು. ಟೆಂಪರೇಚರ್ ಸೆನ್ಸರ್ ಇರೋದು ನೀರಾಗ ಮುಳುಗಿ ನಿಂತು ನೀರಿನ ಬಿಸಿ ಹೇಳ್ಲಿಕ್ಕೆ. ನೀರು ಅದರ ಕೆಳಗ ಇಳೀತಂದ್ರ ಅದು ಬರೇ ಗಾಳ್ಯಾಗ ಉಳೀತದ, ಇಂಜಿನ್ ಸುಡಲಿಕ್ಕೆ ಹತ್ತಿದ್ರೂ ಮುಳ್ಳು ಕೆಳಗ ಬೀಳ್ತದ. ಕಿರವತ್ತಿ ದಾಟಿದ ಮ್ಯಾಲೆ ಸುಟ್ಟ ವಾಸನಿ ಬಂತು, ಎಳಿಯೂದು ಕಡಿಮಿ ಆತು, ಟಕ ಟಕ ಅಂತು, ಗಾಡಿ ನಿಂತೇ ಬಿಟ್ಟಿತು. ಸುತ್ತಲೂ ಅಡವಿ, ಮೊಬೈಲಿಗೆ ರೇಂಜ್ ಇಲ್ಲಾ. ಯಾವುದೋ ಲಾರಿ ಹಿಡದು ಯಲ್ಲಾಪುರ, ಅಲ್ಲಿಂದ ಬಸ್ಸು. ಅಂಕೋಲಾ ಮುಟ್ಟೂದ್ರಾಗ ಸಂಜಿ ಆಗಿತ್ತು. ಮಳಿಗಾಲ, ಮಂದಿ ಎಷ್ಟಂತ ಕಾಯ್ತಾರ? ಎಲ್ಲಾ ಮುಗದಿತ್ತು. ಅಪ್ಪ ಅಂಗಳದಾಗ ಕಂಬಾ ಹಿಡ್ಕೊಂಡು ನಿಂತಾಂವ, ಸ್ನಾನಕ್ಕ ನೀರು ಕೇಳಿದ, ಅಷ್ಟ. ನನಗ ಒಂದು ಮಾತೂ ಅನ್ನಲಿಲ್ಲಾ.

ಇಂಜಿನ್ನಿನ ಹೆಡ್ಡು ಸೊಟ್ಟ ಆಗಿತ್ತು, ಗ್ಯಾಸ್ಕೆಟ್ ಹೋಗಿತ್ತು, ದೊಡ್ಡ ಬಿಲ್ಲು ಬಂತು. ಅದು ಹೋಗ್ಲಿ ಬಿಡ್ರಿ. ಬಿಲ್ಲು ಕೊಟ್ಟು ತೀರಿಸಬಹುದು.

ಆವತ್ತಿನಿಂದ ನಾ ಒಂದು ಮಾತು ಸಿಕ್ಕವರಿಗೆಲ್ಲಾ ಹೇಳ್ಕೋತ ಬಂದೇನಿ. ಹಳೇ ಗಾಡಿ ಮುಳ್ಳು ತಪ್ಪು ತೋರಿಸೋದು ದೊಡ್ಡ ರೋಗ ಅಲ್ಲ. ಅದಕ್ಕ ಹೊಂದ್ಕೊಂಡು ಹೋಗೂದು ದೊಡ್ಡ ರೋಗ. "ಹಿಂಗ ತೋರಿಸಿದ್ರ ಹಂಗ ತಿಳ್ಕೊಬೇಕು" ಅನ್ನೋ ಜಾಣತನ ಅದ ಅಲ್ಲಾ, ಅದು ಇರೋದು ಒಬ್ಬನ ತಲ್ಯಾಗ. ಸ್ಟೇರಿಂಗ್ ಹಿಂದ ಮನಶಾ ಬದಲಾದ, ಅವಗ ನಿದ್ದಿ ಹತ್ತಿತು, ದುಃಖದಾಗಿದ್ದ ಅಂದ್ರ ಆ ಜಾಣತನ ಅಲ್ಲಿಗೇ ಮುಗೀತು. ಮತ್ತ ಇನ್ನೊಂದು, ಮುಳ್ಳು ಐದು ವರ್ಷದಿಂದ ತಪ್ಪು ತೋರಿಸ್ತದ ಅಂದಮ್ಯಾಲೆ ಇವತ್ತು ಹೊಸಾದೇನರೇ ಕೆಟ್ಟರ ಅದು ನಿಮಗ ಹೆಂಗ ಹೇಳಬೇಕು? ದಿನಾ ಸುಳ್ಳು ಹೇಳಾಂವ ಅಂತ ನೀವ ಹಣಿಪಟ್ಟಿ ಹಚ್ಚೀರಿ, ಅದು ಖರೇ ಹೇಳಿದ ದಿವಸ ನೀವು ನಂಬಂಗಿಲ್ಲಾ.

ಇನ್ನೊಂದು ಜಾತಿ ಮಂದಿ ಇದ್ದಾರ. ಮುಳ್ಳು ತಪ್ಪದ ಅಂದ ಕೂಡಲೇ "ಮೀಟರ್ ಹೋಗೇತ್ರಿ, ಪೂರಾ ಸೆಟ್ಟ ಬದಲಿ ಮಾಡೂಣು" ಅನ್ನವರು. ಗುಜರಿಯಿಂದ ಇನ್ಯಾವುದೋ ಗಾಡಿ ಮೀಟರ್ ತಂದು ಕೂಡಸ್ತಾರ, ಅದೂ ಅಷ್ಟೇ ತೋರಸ್ತದ. ಯಾಕ ತೋರಸಬಾರದು? ಮೀಟರ್ ತಾನಾಗಿ ಏನನ್ನೂ ನೋಡಂಗಿಲ್ರಿ. ಅದು ಟಪಾಲಿನವ ಇದ್ದಂಗ. ಸುದ್ದಿ ಬರಿಯೋದು ಸೆನ್ಸರ್, ತರೂದು ವಾಯರ್, ಮೀಟರ್ ಮುಟ್ಟಿಸ್ತದ ಅಷ್ಟ. ಕಾಗದದಾಗ ತಪ್ಪು ಬರದಿದ್ರ ಟಪಾಲಿನವನ್ನ ಬದಲಿ ಮಾಡಿದ್ರ ಏನುಪಯೋಗ?

ಪೆಟ್ರೋಲ್ ಟಾಕ್ಯಾಗ ಒಂದು ತೇಲೋ ಬುಂಡೆ ಇರ್ತದ, ನಾವು ಫ್ಲೋಟ್ ಅಂತೇವಿ. ಪೆಟ್ರೋಲ್ ಏರಿದಂಗ ಇಳದಂಗ ಅದೂ ಏರಿ ಇಳದು ಒಂದು ರೆಸಿಸ್ಟನ್ಸ್ ಬದಲಿ ಮಾಡ್ತದ. ಟೆಂಪರೇಚರ್ ಸೆನ್ಸರ್ ಬಿಸಿ ಆದಂಗ ಅದರ ರೆಸಿಸ್ಟನ್ಸ್ ಕಡಿಮಿ ಆಗ್ತದ. ಎರಡೂ ಕಡೆ ಕರೆಂಟು ಮೀಟರಿನಿಂದ ಬಂದು, ಸೆನ್ಸರ್ ಹಾದು, ಗಾಡಿ ಬಾಡಿಗೆ ಅಂದ್ರ ಅರ್ಥಿಂಗಿಗೆ ಮುಟ್ಟಬೇಕು. ಇಪ್ಪತ್ತು ವರ್ಷದ ಗಾಡ್ಯಾಗ ಮೊದಲ ಕೆಡೋದು ಯಾವುದು ಅಂತೀರಿ? ನಾ ನೋಡಿದ್ರಾಗಂತೂ ಎಲ್ಲಾಕಿಂತ ಜಾಸ್ತಿ ಕೆಟ್ಟಿದ್ದು ಆ ಅರ್ಥಿಂಗೇ. ಬೋಲ್ಟಿಗೆ ಜಂಗು, ವಾಯರಿನ ತುದಿಗೆ ಹಸರು ಕಿಲುಬು. ಕಿಲುಬೂ ಒಂದು ರೆಸಿಸ್ಟನ್ಸೇ, ಅದು ಸೇರಿಕೊಂಡು ಮುಳ್ಳು ಕೆಳಗ ನಿಲ್ತದ. ಅದೇ ಬೋಲ್ಟಿಗೆ ಹಿಂದಿನ ದೀಪದ ಅರ್ಥಿಂಗೂ ಇದ್ರ, ಲೈಟ್ ಹಾಕಿದ ಕೂಡಲೇ ಪೆಟ್ರೋಲ್ ಮುಳ್ಳು ಇನ್ನೂ ಇಳೀತದ. ಕಾಕಾ ಅದನ್ನ 'ಮಾಮೂಲಿ' ಅಂದರು. ಅದು ಮಾಮೂಲಿ ಅಲ್ಲ, ರೋಗ ತಾನಾಗೇ ತನ್ನ ವಿಳಾಸ ಹೇಳಿದ್ದು.

ಹಂಗಾದ್ರ ಕಳ್ಳನ್ನ ಹಿಡಿಯೋದು ಹೆಂಗ? ಮೊದಲ ನೋಡಬೇಕಾದ್ದು, ತಪ್ಪು ತೋರಿಸೋದು ಒಂದು ಮುಳ್ಳೋ, ಎರಡೂನೋ? ಎರಡೂ ಒಮ್ಮೆಲೇ ಸತ್ತಾವ ಅಂದ್ರ ಫ್ಯೂಜ್ ನೋಡ್ರಿ. ಎರಡೂ ಕೂಡೇ ಮ್ಯಾಲೆ ಮ್ಯಾಲೆ ತೋರಸ್ತಾವ, ಎಕ್ಸಲರೇಟರ್ ಕೊಟ್ಟಂಗ ಇನ್ನೂ ಏರ್ತಾವ ಅಂದ್ರ, ಮೀಟರಿನ ಹಿಂದ ಒಂದು ಸಣ್ಣ ವೋಲ್ಟೇಜ್ ರೆಗ್ಯುಲೇಟರ್ ಇರ್ತದ ಭಾಳಷ್ಟು ಹಳೇ ಗಾಡಿಯೊಳಗ, ಅದು ಇಲ್ಲಾ ಅದರ ಅರ್ಥಿಂಗು ಹೋಗ್ಯದ. ಬ್ಯಾಟರಿ ವೋಲ್ಟೇಜ್ ಏರಿಳಿತ ಮೀಟರಿಗೆ ತಾಕಬಾರದು ಅಂತ ಅದನ್ನ ಇಟ್ಟಿರ್ತಾರ. ಅದಕ್ಕೊಂದಕ್ಕ ಎರಡು ಸೆನ್ಸರ್ ಬದಲಿ ಮಾಡಿಸಿಕೊಂಡವರನ್ನ ನಾ ನೋಡೇನಿ.

ಒಂದೇ ಮುಳ್ಳು ಕೆಟ್ಟಿದ್ರ, ಆ ಸೆನ್ಸರಿನ ವಾಯರ್ ಬಿಚ್ಚಿ, ಕೀಲಿ ಆನ್ ಮಾಡಿ, ಆ ವಾಯರಿನ ತುದಿನ ಒಂದು ಸಣ್ಣ 12 ವೋಲ್ಟ್ ಬಲ್ಬಿನ ಮೂಲಕ ಬಾಡಿಗೆ ಮುಟ್ಟಸ್ರಿ. ನೇರ ಮುಟ್ಟಿಸಿ ಹಿಡ್ಕೊಂಡು ನಿಂದ್ರಬ್ಯಾಡ್ರಿ, ಮೀಟರ್ ಸುಟ್ಟೀತು. ಮುಳ್ಳು ಮ್ಯಾಲೆ ಹೊಂಟಿತು ಅಂದ್ರ ಮೀಟರೂ ಸರಿ, ವಾಯರೂ ಸರಿ. ತಪ್ಪು ಸೆನ್ಸರಿಂದು ಇಲ್ಲಾ ಅದರ ಅರ್ಥಿಂಗಿಂದು. ಮುಳ್ಳು ಅಳ್ಳಾಡಲಿಲ್ಲಾ ಅಂದ್ರ ಸೆನ್ಸರ್ ಬಿಟ್ಟು ವಾಯರು, ಮೀಟರ್ ನೋಡ್ರಿ. ಕೆಲವು ಗಾಡಿಯೊಳಗ ಪೆಟ್ರೋಲ್ ಲೆಕ್ಕ ಉಲ್ಟಾ ಇರ್ತದ, ಅದಕ್ಕ ನಿಮ್ಮ ಗಾಡಿ ಪುಸ್ತಕ ಒಮ್ಮೆ ತಗದು ನೋಡಿಕೊಳ್ರಿ. ಮತ್ತ ಪೆಟ್ರೋಲ್ ಟಾಕಿ ಬಾಯಿ ಹತ್ರ ಈ ಆಟ ಆಡಬ್ಯಾಡ್ರಿ, ಒಂದು ಕಿಡಿ ಸಾಕು. ಟಾಕಿಯಿಂದ ದೂರ ವಾಯರಿನ ಜೋಡಣಿ ಇರ್ತದಲ್ಲಾ, ಅಲ್ಲೇ ನೋಡ್ರಿ.

ಟೆಂಪರೇಚರ್ ಸೆನ್ಸರಿನ ಪರೀಕ್ಷಾಕ್ಕ ಗ್ಯಾರೇಜೂ ಬ್ಯಾಡ, ಅಡಗಿ ಮನಿ ಸಾಕು. ಅಂಕೋಲಾದ್ದು ಆದ ಮ್ಯಾಲೆ ನಾ ಮನ್ಯಾಗ ಅದನ್ನ ಮಾಡಿದೆ. ಸೆನ್ಸರನ್ನ ದಾರದಿಂದ ಕಟ್ಟಿ ನೀರಿನ ಪಾತ್ರ್ಯಾಗ ಇಳೇ ಬಿಟ್ಟು, ಗ್ಯಾಸ್ ಹಚ್ಚಿ, ಮಲ್ಟಿಮೀಟರ್ ಹಿಡದೆ. ನೀರು ಕಾದಂಗ ರೆಸಿಸ್ಟನ್ಸ್ ಒಂದೇ ಸವನ ಇಳಕೋತ ಬರಬೇಕು. ನಡುವ ಜಿಗದ್ರ, ನಿಂತುಬಿಟ್ರ ಸೆನ್ಸರ್ ಹೋತು. ಅದೇ ನೀರಾಗ ಥರ್ಮೋಸ್ಟಾಟನ್ನೂ ಬಿಟ್ಟು ನೋಡಬಹುದು. ಅದರ ಮ್ಯಾಲೆ ಡಿಗ್ರಿ ಬರದಿರ್ತಾರ, ಸಾಮಾನ್ಯ 82ರ ಆಸುಪಾಸು, ಅಲ್ಲಿಗೆ ಬಂದಾಗ ಬಾಯಿ ತೆರೀಬೇಕು, ಆರಿದಾಗ ಮುಚ್ಚಬೇಕು. ಇಷ್ಟೆಲ್ಲಾ ಮಾಡೂದ್ರಾಗ ನಮ್ಮವ್ವ ಬಂದು, "ಅಯ್ಯ, ಅದು ನನ್ನ ಹಾಲಿನ ಪಾತೇಲಿ!" ಅಂತ ಚೀರಿದಳು. ಆ ಪಾತೇಲಿ ಆಮ್ಯಾಲೆ ಅಡಗಿ ಮನಿಗೆ ವಾಪಸ್ ಹೋಗಲಿಲ್ಲಾ, ಅದು ನನ್ನ ಹಂತೇಕನ ಅದ. ನೀವೂ ಪರೀಕ್ಷಾ ಮಾಡೋದಿದ್ರ ಹಳೇ ಡಬ್ಬಿ ತೊಗೊಳ್ರಿ.

ಸೆನ್ಸರ್ ವಾಪಸ್ ಕೂಡಸಬೇಕಾದ್ರ ನೀರು ಸೋರಬಾರದು ಅಂತ ಥ್ರೆಡ್ಡಿಗೆ ನಳಕ್ಕ ಸುತ್ತೋ ಬಿಳೇ ಟೇಪು ಸುತ್ತಿ ಸುತ್ತಿ ಕೂಡಸ್ತಾರ. ಒಂದೇ ವಾಯರಿನ ಸೆನ್ಸರಿಗೆ ಅರ್ಥಿಂಗ್ ಸಿಗೋದು ಆ ಥ್ರೆಡ್ಡಿನಿಂದನ. ಟೇಪು ದಪ್ಪ ಆತಂದ್ರ ಮುಳ್ಳು ಕೆಳಗ. ಮತ್ತ ಸೆನ್ಸರ್ ಕೊಂಡ್ರ ನಂಬರ್ ಕೂಡಿಸಿ ಕೊಳ್ರಿ. ಥ್ರೆಡ್ ಹೊಂದ್ತದ ಅಂದ್ರ ಲೆಕ್ಕಾನೂ ಹೊಂದ್ತದ ಅಂತಲ್ಲ.

ಈಗ ಆ ಥರ್ಮೋಸ್ಟಾಟ್ ಕಿತ್ತು ಒಗಿಯೋ ಪಂಡಿತರ ಕಡೆ ಬರ್ತೇನಿ. ಅವರ ಮ್ಯಾಲೆ ನನ್ನ ಸಿಟ್ಟು ಇನ್ನೂ ಆರಿಲ್ಲಾ. ಅವರು ತಗದದ್ದು ಬಿಸಿ ಅಲ್ಲ, ಬಿಸಿ ಸುದ್ದಿ. ಇಂಜಿನ್ನಿಗೂ ಒಂದು ಹದದ ಕಾವು ಬೇಕು. ಥರ್ಮೋಸ್ಟಾಟ್ ಇಲ್ಲಂದ್ರ ಅದು ಹದಕ್ಕ ಬರೋದ ತಡಾ ಆಗ್ತದ, ಪೆಟ್ರೋಲ್ ಜಾಸ್ತಿ ಕುಡೀತದ, ಎಣ್ಣ್ಯಾಗ ಕೊಳಿ ಕೂಡ್ತದ, ಒಳಗಿನ ಸಾಮಾನು ಸವೀತಾವ. ಹೊರಗ ಎಷ್ಟ ಬಿಸಿಲಿದ್ರೂ 82 ಡಿಗ್ರಿ ಬಿಸಿಲು ಯಾವ ಊರಾಗೂ ಬಿದ್ದಿಲ್ಲಾ, ಕಲಬುರ್ಗ್ಯಾಗೂ ಬಿದ್ದಿಲ್ಲಾ. ಗಾಡಿ ಬಿಸಿ ಆಗ್ತಿದ್ರ ರೇಡಿಯೇಟರ್ ಕಟ್ಟಿರ್ತದ, ಫ್ಯಾನು ತಿರಗಿರಂಗಿಲ್ಲಾ, ವಾಟರ್ ಪಂಪ್ ಸವದಿರ್ತದ. ಅದನ್ನ ಹುಡಕೋ ಬದಲಿ ಥರ್ಮೋಸ್ಟಾಟ್ ತಗದು ಗಿರಾಕಿಗೆ 'ಸಿ' ತೋರಿಸಿ ಕಳಸ್ತಾರ. ಜ್ವರ ಬಂದ ಹುಡುಗನ್ನ ಐಸಿನ ಮ್ಯಾಲೆ ಕೂಡಿಸಿ ಥರ್ಮಾಮೀಟರ್ ಇಟ್ಟು "ಜ್ವರ ಇಲ್ಲಾ, ಮನಿಗೆ ಹೋಗ್ರಿ" ಅಂದಂಗ ಇದು.

ನನ್ನ ಮಾತಿಗೆ ಮಂದಿ ಎರಡು ಉತ್ತರಾ ಕೊಡ್ತಾರ. ಒಂದು, "ಗಾಡಿ ಕಿಮ್ಮತ್ತೇ ಐವತ್ತು ಸಾವಿರ ಇಲ್ಲಾ, ಅದಕ್ಕ ಮತ್ತ ಯಾಕ ರೊಕ್ಕ ಹಾಕಬೇಕು?" ಅಲ್ರೀ, ನಾ ರೊಕ್ಕ ಹಾಕು ಅಂತ ಎಲ್ಲಿ ಅಂದೆ? ಒಂದು ಬಲ್ಬು, ಎರಡು ಮೊಳ ವಾಯರು, ಒಂದು ತುಂಡು ಪಾಲಿಶ್ ಪೇಪರ್. ರೊಕ್ಕ ಹಾಕ್ರಿ ಅನ್ನವರು ಆ ಸೆಟ್ ಬದಲಿ ಮಂದಿ. ಗಾಡಿ ಕಿಮ್ಮತ್ತು ಕಡಿಮಿ ಆಗಿರಬಹುದು, ಅದರಾಗ ಕೂಡೋರ ಕಿಮ್ಮತ್ತು ಕಡಿಮಿ ಆಗೇದೇನು?

ಎರಡನೇದು, "ನಾವು ಮೂವತ್ತು ವರ್ಷ ಗಾಡಿ ಹೊಡದೇವಿ, ಆವಾಜಿನ ಮ್ಯಾಲೆ ಗೊತ್ತಾಗ್ತದ." ಇದನ್ನ ನಾ ಪೂರ್ತಿ ತಳ್ಳಿ ಹಾಕಂಗಿಲ್ಲಾ. ನಮ್ಮಪ್ಪಗ ಖರೇನ ಗೊತ್ತಾಗ್ತಿತ್ತು. ಆದ್ರ ಕಿವಿಗೆ ಕೇಳೂ ಹೊತ್ತಿಗೆ ಇಂಜಿನ್ ಒಳಗ ಆಗೂದೆಲ್ಲಾ ಆಗಿ ಹೋಗಿರ್ತದ. ಮುಳ್ಳು ಇರೋದು ಅದಕ್ಕಿಂತ ಮೊದಲ ಹೇಳ್ಲಿಕ್ಕೆ. ಮತ್ತ ನಿಮ್ಮ ಕಿವಿ ಮಗಳಿಗೆ ಕೊಡ್ಲಿಕ್ಕೆ ಬರಂಗಿಲ್ಲಾ, ಗಾಡಿ ಅಷ್ಟ ಕೊಡಬಹುದು.

ಮೀಟರನ್ನ ಸಂಶಯ ಪಡೋ ಮೊದಲ ಅದು ಖರೇ ಹೇಳ್ಲಿಕ್ಕೆ ಹತ್ತೇದೋ ಏನೋ ಅಂತ ನೋಡಬೇಕು. ಟೆಂಪರೇಚರ್ ಬ್ಯಾರೆ ತೋರಿಸಿದ್ರ, ಇಂಜಿನ್ ಪೂರ್ತಿ ಆರಿದ ಮ್ಯಾಲೆ ರೇಡಿಯೇಟರ್ ಮುಚ್ಚಳ ತಗದು ಮೊದಲ ನೀರು ನೋಡ್ರಿ. ಎಣ್ಣಿ ದೀಪ ಹತ್ತಿದ್ರ ಗಾಡಿ ಬಂದ್ ಮಾಡಿ ಮೊದಲ ಎಣ್ಣಿ ನೋಡ್ರಿ. ಸೆನ್ಸರ್ ಮ್ಯಾಲೆ ಆರೋಪ ಆಮ್ಯಾಲೆ.

ಇನ್ನ ಕಾಕಾನ ಗಾಡಿ ಸುದ್ದಿ. ನಾ ಹೋಗಿ "ಕಾಕಾ, ಒಂದು ತಾಸು ಗಾಡಿ ನನ್ನ ಕೈಯಾಗ ಕೊಡ್ರಿ" ಅಂದೆ. "ನೀ ಯಾವಾಗಿಂದ ಮಿಸ್ತ್ರಿ ಆದ್ಯೋ?" ಅಂತ ನಕ್ಕರು. ಕೊಟ್ಟರು. ಟಾಕಿ ಅರ್ಥಿಂಗಿನ ಬೋಲ್ಟು ನಾ ಅನ್ಕೊಂಡಂಗ ಜಂಗು ಹಿಡದು ಕೂತಿತ್ತು. ತಿಕ್ಕಿ, ಹೊಸಾ ವಾಶರ್ ಹಾಕಿ ಬಿಗದೆ. ಅಲ್ಲೇ ಬಂಕಿಗೆ ಹೋಗಿ ಟಾಕಿ ಫುಲ್ ಮಾಡಿಸಿದ್ವಿ, ಮುಳ್ಳು ಮುಕ್ಕಾಲು ದಾಟಿ 'ಎಫ್' ಮುಟ್ಟಿತು. ಲೈಟ್ ಹಾಕಿದ್ವಿ, ಅಳ್ಳಾಡಲಿಲ್ಲಾ. ಮಗಳು ಮೊಬೈಲಿನ ಜಿಪಿಎಸ್ ಹಚ್ಚಿ ಸ್ಪೀಡ್ ಮೀಟರ್ ನೋಡಿದಳು, ಕಾಕಾ ಹೇಳಿದಂಗ ಕಡಿಮಿನ ತೋರಸ್ತಿತ್ತು. ಅದಕ್ಕ ಮದ್ದು ಸರಿ ಅಳತಿ ಟಾಯರ್ ಒಂದೇ, ಮನಸ್ಸಿನಾಗ ಐದು ಕೂಡಿಸೋದಲ್ಲ. ಟೆಂಪರೇಚರ್ ವಾಯರಿಗೆ ಬಲ್ಬು ಹಚ್ಚಿದೆ, ಸತ್ತು ಹೋಗ್ಯದ ಅಂದಿದ್ದ ಮುಳ್ಳು ಎದ್ದು ನಿಂತಿತು. ಸತ್ತಿರಲಿಲ್ಲಾ ಅದು. ಇಲ್ಲೂ ಯಾರೋ ಪುಣ್ಯಾತ್ಮ ಥರ್ಮೋಸ್ಟಾಟ್ ತಗದಿದ್ದ.

ಕಡಿಕೆ ಎಣ್ಣಿ ಕಡ್ಡಿ ಎಳದೆ. ಕೆಳಗಿನ ಗೆರಿಗೂ ಎಣ್ಣಿ ಹತ್ತಿರಲಿಲ್ಲಾ. ತಿರುವಿನಾಗ ಎಣ್ಣಿ ಒಂದು ಕಡೆ ಸರದು ಪಂಪಿಗೆ ಸಿಗದ ದೀಪ ಮಿಣಕ್ ಅಂತಿತ್ತು. ಆ ಐದರಾಗ 'ಚಟ' ಅನಿಸ್ಕೊಂಡದ್ದು ಇದೊಂದ, ಅಗದೀ ಖರೇ ಹೇಳ್ತಿದ್ದದ್ದೂ ಇದೊಂದ. ಕಡ್ಡಿನ ಅರಿವಿಗೆ ಒರಸಿ ಮತ್ತೊಮ್ಮೆ ಹಾಕಿ ತಗದು ಕಾಕಾನ ಕೈಯಾಗ ಕೊಟ್ಟೆ. ಅವರು ಭಾಳ ಹೊತ್ತು ಅದನ್ನ ನೋಡಿದರು. "ಮುಂದಿನ ತಿಂಗಳ ಸರ್ವಿಸಿಂಗ ಮಾಡಸೋಣ ಅಂದಿದ್ದೆ" ಅಂದರು. ದನಿ ಸಣ್ಣ ಆಗಿತ್ತು. ಎಣ್ಣಿ ಹಾಕಿದ ಮ್ಯಾಲೆ ದೀಪ ಮಿಣಕಲಿಲ್ಲಾ. ಆದ್ರೂ ಎಣ್ಣಿ ಎಲ್ಲಿ ಹೋತು ಅಂತ ನೋಡಿ, ಒಮ್ಮೆ ಪ್ರೆಶರ್ ಅಳಿಸಿದ ಮ್ಯಾಲೇನ ಬೆಳಗಾವಿ ಮಾತು ಅಂತ ಹೇಳೇನಿ.

ಮಗಳು ಮೊಬೈಲಿನಾಗಿನ ಪಟ್ಟಿ ಅಳಿಸಿದಳು. ಥರ್ಮೋಸ್ಟಾಟ್ ವಿಷಯದಾಗ ಮಾತ್ರ ಕಾಕಾ ಇನ್ನೂ ಒಪ್ಪಿಲ್ಲಾ. "ನಮ್ಮ ಬಿಸಿಲಿಗೆ..." ಅಂತ ಚಾಲೂ ಮಾಡ್ತಾರ. ನಾನೂ ಬಿಟ್ಟಿಲ್ಲಾ. ಹಾಕಸ್ತೇನಿ.

ಸಂಜಿ ಮುಂದ ಕೈ ತೊಳಕೊಂಡು ಮನಿಗೆ ಬಂದ್ರ ನಮ್ಮಪ್ಪ ಕಟ್ಟಿ ಮ್ಯಾಲೆ ಖುರ್ಚಿ ಹಾಕ್ಕೊಂಡು ಕೂತಿದ್ದ. ಈಗ ಅವಗ ಎಂಬತ್ತು ದಾಟ್ಯದ, ಗಾಡಿ ಬಿಟ್ಟು ಭಾಳ ವರ್ಷ ಆತು. ಮುಂಜಾನಿಂದ ಅಲ್ಲೇ ಕೂತು ಎಲ್ಲಾ ನೋಡ್ಯಾನ. ನನಗ ಒಂದೇ ಒಂದು ಮಾತು ಕೇಳಿದ.

"ನೀರು ನೋಡಿದ್ಯೇನೋ?"

"ಮೊದಲ ಅದನ್ನ ನೋಡೇನಿ ಅಪ್ಪಾ" ಅಂದೆ.